ಅಣ್ಣ ರಜೆ ಮುಗಿದರೂ ಹೋಗಲಿಲ್ಲ, ಕೋರ್ಟ್ ಮಾರ್ಷಲ್ ಆಗುತ್ತಾ?

ಪ್ರಶ್ನೆ (ಆಳಂದ ತಾಲ್ಲೂಕು)
ನಮ್ಮಣ್ಣ ಕೆಎಸ್‌ಆರ್‌ಪಿ (ಕರ್ನಾಟಕ ರಾಜ್ಯ ಮೀಸಲು ಪೊಲೀಸ್) ಕಾನ್‌ಸ್ಟೆಬಲ್. ನಾನು ಅವನ ತಂಗಿ. ತೊಗರಿ ರಾಶಿಗೆ ಅಂತ 10 ದಿನ ರಜೆ ಹಾಕಿ ಬಂದಿದ್ದ. ಹೊರಡುವ ದಿನವೇ ಅವ್ವ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಆಸ್ಪತ್ರೆಯಲ್ಲಿ ರಾತ್ರಿಯೆಲ್ಲ ಪಕ್ಕದಲ್ಲಿ ಕೂತವನು ಅವನೇ. 16 ದಿನ ತಡವಾಗಿ ಡ್ಯೂಟಿಗೆ ಹೋದ. ಒಂದು ಸಲ ಫೋನ್ ಮಾಡಿ ಹೇಳಿದ್ದಾನೆ, ಬರೆದು ಕೊಟ್ಟಿಲ್ಲ. ಈಗ ನೋಟಿಸ್ ಬಂದಿದೆ. ಊರಲ್ಲಿ ಎಲ್ಲರೂ "ಕೋರ್ಟ್ ಮಾರ್ಷಲ್ ಆಗ್ತದ, ಜೈಲು ಗ್ಯಾರಂಟಿ" ಅಂತಿದ್ದಾರೆ. ಅವ್ವ ಊಟ ಬಿಟ್ಟಿದ್ದಾಳೆ. ತಿಳಿದವರು ಹೇಳಿ.

ಮಾಜಿ ಸುಬೇದಾರ್, ಬೀದರ್
ತಂಗಿ, ಕೋರ್ಟ್ ಮಾರ್ಷಲ್ ಅಂದರೆ ಸೇನೆಯದೇ ಕೋರ್ಟು, ಅದು ನಮ್ಮಂಥ ಫೌಜಿನವರಿಗೆ. 1950ರ ಸೇನಾ ಕಾಯ್ದೆ ಪೊಲೀಸರಿಗೆ ಬರುವುದಿಲ್ಲ. ನಮ್ಮಲ್ಲಿ ರಜೆ ಮೀರಿದರೆ 39ನೇ ಕಲಂ, 3 ವರ್ಷದವರೆಗೆ ಜೈಲು ಹಾಕಬಹುದು. ಸಮ್ಮರಿ ಕೋರ್ಟ್ ಮಾರ್ಷಲ್‌ನಲ್ಲಿ ಕಮಾಂಡಿಂಗ್ ಆಫೀಸರ್ ಒಬ್ಬರೇ ನ್ಯಾಯಾಧೀಶರು. ಜೊತೆಗೆ ಇನ್ನಿಬ್ಬರು ಕೂರುತ್ತಾರೆ, ತೀರ್ಪಿನಲ್ಲಿ ಅವರ ಮಾತು ನಡೆಯುವುದಿಲ್ಲ. ನಾನೂ ಹಾಗೆ ಕೂತಿದ್ದೇನೆ. ಟೋಪಿ, ಬೆಲ್ಟ್ ತೆಗೆಸಿ ಒಳಗೆ ತಂದ ಹುಡುಗನ ಮೊಣಕಾಲು ನಡುಗುತ್ತಿದ್ದದ್ದು ಇನ್ನೂ ಕಣ್ಣಿಗೆ ಕಟ್ಟಿದೆ. ನಿಮ್ಮಣ್ಣನಿಗೆ ಅದು ಬರುವುದಿಲ್ಲ.

ಬೆಟಾಲಿಯನ್ ಆಫೀಸಿನಲ್ಲಿ ಫೈಲು ನೋಡಿದವನು, ಈಗ ನಿವೃತ್ತ, ಕಲಬುರಗಿ
ಸುಬೇದಾರ್ ಸಾಹೇಬರು ಹೇಳಿದ್ದು ನಿಜ. ಬಂದೂಕು, ಪರೇಡು, ಕಮಾಂಡೆಂಟ್ ಎಲ್ಲ ಇದ್ದರೂ ಕೆಎಸ್‌ಆರ್‌ಪಿ ಪೊಲೀಸ್ ಇಲಾಖೆಯೇ. ಗಡಿ ಕಾಯುವ ಬಿಎಸ್‌ಎಫ್‌ಗೆ 1968ರ ಕಾಯ್ದೆಯಲ್ಲಿ ಅದರದೇ ಕೋರ್ಟ್ ಇದೆ, ಇಲ್ಲಿ ಇಲ್ಲ. ಇಲ್ಲಿ ನಡೆಯುವುದು 1965ರ ಶಿಸ್ತು ನಿಯಮಗಳ ಪ್ರಕಾರ ಇಲಾಖಾ ವಿಚಾರಣೆ. ಅದರಿಂದ ಜೈಲಿಗೆ ಹಾಕುವುದಿಲ್ಲ.

ಹಾಗಂತ ಸುಮ್ನೆ ಕೂರಬೇಡಿ ತಾಯಿ. ಇನ್ಕ್ರಿಮೆಂಟ್ ಕಟ್‌ನಿಂದ ಹಿಡಿದು ವಜಾವರೆಗೂ ಹೋಗಬಹುದು. ನೋಟಿಸಿಗೆ ಉತ್ತರವನ್ನೇ ಕೊಡದೆ ಕೆಲಸ ಕಳೆದುಕೊಂಡ ಹುಡುಗರನ್ನು ನೋಡಿ ಹೊಟ್ಟೆ ಉರಿದಿದೆ. ಇವತ್ತೇ ಡಿಸ್ಚಾರ್ಜ್ ಕಾರ್ಡ್, ಎಕ್ಸ್‌ರೇ, ಔಷಧಿ ಬಿಲ್ಲು ಎಲ್ಲ ಜೆರಾಕ್ಸ್ ಮಾಡಿಸಿ. ಫೋನ್ ಮಾಡಿದ ದಿನ, ಹೊತ್ತು, ಎತ್ತಿದವರು ಯಾರು ಅಂತ ಅಣ್ಣ ಬರೆಯಲಿ. ಕೊಟ್ಟ ಉತ್ತರದ ಇನ್ನೊಂದು ಪ್ರತಿ ಮೇಲೆ ಸೀಲು, ಸಹಿ ಹಾಕಿಸಿಕೊಳ್ಳಲಿ. ಇದನ್ನು ಮರೆಯುವವರೇ ಜಾಸ್ತಿ. ವಿಚಾರಣೆಯಲ್ಲಿ ಸಾಕ್ಷಿಗಳನ್ನು ಪ್ರಶ್ನೆ ಕೇಳುವ ಹಕ್ಕೂ ಅವನಿಗಿದೆ. ಶಿಕ್ಷೆ ಜಾಸ್ತಿ ಅನಿಸಿದರೆ ಮೇಲಧಿಕಾರಿಗೆ ಮೇಲ್ಮನವಿ, ಆಮೇಲೆ ಕೆಎಟಿ, ಅಂದರೆ ಸರ್ಕಾರಿ ನೌಕರರ ಕೇಸು ನೋಡುವ ಕರ್ನಾಟಕ ಆಡಳಿತ ನ್ಯಾಯಮಂಡಳಿ. ಅದರ ಪೀಠ ಕಲಬುರಗಿಯಲ್ಲೇ ಇದೆ, ಬೆಂಗಳೂರಿಗೆ ಅಲೆಯಬೇಕಿಲ್ಲ.

ಪ್ರಶ್ನೆ ಕೇಳಿದವಳು
ಇಬ್ಬರಿಗೂ ಕೈಮುಗಿದೆ. ಅವ್ವನಿಗೆ ಓದಿ ಹೇಳಿದೆ, ಅರ್ಧ ರೊಟ್ಟಿ ತಿಂದಳು. ಎಕ್ಸ್‌ರೇ ಗಾದಿ ಕೆಳಗೇ ಇತ್ತು. ಬಿಲ್ಲುಗಳಲ್ಲಿ ಎರಡು ಸಿಗುತ್ತಿಲ್ಲ, ನಾಳೆ ಮೊದಲ ಬಸ್ಸಿಗೆ ಆಸ್ಪತ್ರೆಗೆ ಹೋಗಿ ಕೇಳುತ್ತೇನೆ.