ಅಪ್‌ಡೇಟ್: ಮಗುವಿಗೆ ಪ್ರಯತ್ನಿಸುವಾಗ ಯೀಸ್ಟ್ ಇನ್ಫೆಕ್ಷನ್

ಮಗುವಿಗೆ ಪ್ರಯತ್ನಿಸುತ್ತಿದ್ದೇವೆ, ಕೆಳಗೆ ವಿಪರೀತ ತುರಿಕೆ, ಒಡೆದ ಹಾಲಿನಂಥ ಬಿಳಿ ಸ್ರಾವ, ಮನೆಯಲ್ಲಿರುವ ಫ್ಲುಕೊನಜೋಲ್ (ಯೀಸ್ಟ್ ಅಂದರೆ ಫಂಗಸ್ ಸೋಂಕಿನ ಮಾತ್ರೆ) ನುಂಗಬಹುದಾ ಅಂತ ಕೇಳಿದ್ದೆನಲ್ಲ. ಡಾಕ್ಟರ್ ಬೇಡ ಎಂದರು. ಪಿರಿಯಡ್ಸ್ ತಪ್ಪುವ ಮೊದಲೇ ಗರ್ಭ ನಿಂತಿರಬಹುದು, ಆಗ ಆ ಮಾತ್ರೆ ಸುರಕ್ಷಿತವಲ್ಲವಂತೆ. ಸ್ವಾಬ್ ಟೆಸ್ಟಲ್ಲಿ ಯೀಸ್ಟೇ ಅಂತ ಖಾತ್ರಿಯಾದ ಮೇಲೆ ಕ್ಲೊಟ್ರಿಮಜೋಲ್ 100 ಮಿ.ಗ್ರಾಂ ಕೊಟ್ಟರು. ರಾತ್ರಿ ಮಲಗುವಾಗ ಯೋನಿಯೊಳಗೆ ಇಡುವ ಮಾತ್ರೆ, 7 ದಿನದ ಕೋರ್ಸ್. ತುರಿಕೆ ಬೇಗನೆ ನಿಂತರೂ ಪೂರ್ತಿ ಮುಗಿಸಿದೆ. ಬೆಳಿಗ್ಗೆ ಎದ್ದರೆ ಮಾತ್ರೆ ಬಿಳಿ ಪುಡಿ ಪುಡಿಯಾಗಿ ಸೋರುತ್ತದೆ, ಪ್ಯಾಡ್ ಇಟ್ಟುಕೊಳ್ಳಿ. ಕೋರ್ಸ್ ಮುಗಿಯುವವರೆಗೆ ಸೇರಬೇಡಿ ಎಂದಿದ್ದರಿಂದ ಆ ತಿಂಗಳ ಓವ್ಯುಲೇಶನ್ (ಅಂಡ ಬಿಡುಗಡೆ) ಸಮಯ ಕೈತಪ್ಪಿ ಹೋಯ್ತು. ಬೇಜಾರಾಯ್ತು ಬಿಡಿ. ಶುಗರ್ ಜಾಸ್ತಿಯಿದ್ದರೂ ಯೀಸ್ಟ್ ಬರಬಹುದಂತೆ, ಅದನ್ನೂ ನೋಡಿದರು, ನಾರ್ಮಲ್. ಯೀಸ್ಟ್‌ನಿಂದ ಬಂಜೆತನ ಬರಲ್ಲ ಎಂದಾಗ ನನಗಿಂತ ಜಾಸ್ತಿ ನಮ್ಮ ಅತ್ತೆಗೇ ಸಮಾಧಾನ! ಈ ತಿಂಗಳಿಂದ ಮತ್ತೆ ಪ್ರಯತ್ನ ಶುರು.