ಪದಚರ್ಚೆ: ಸೊಪ್ಪಿನ ಪೆಸ್ಟೊ ಪಾಸ್ತಾ ಸಲಾಡ್‌ಗೆ ಫಲಕದಲ್ಲಿ ಏನೆಂದು ಬರೆಯಬೇಕು?

ಪ್ರಶ್ನೆ:
ಮಾನ್ಯರೆ, ಕೋಲಾರದ ನಮ್ಮ ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಈ ಭಾನುವಾರ ಅಡುಗೆಯ ಪ್ರಾತ್ಯಕ್ಷಿಕೆ ನಡೆಸಲಿದ್ದಾರೆ. ತರಕಾರಿ ಹೆಚ್ಚಿದ ಮೇಲೆ ಮಿಗುವ ಮೂಲಂಗಿ, ಬೀಟ್‌ರೂಟ್, ಕ್ಯಾರೆಟ್‌ಗಳ ಹಸಿರನ್ನು ಬೆಳ್ಳುಳ್ಳಿ, ಕಡಲೆಕಾಯಿ ಬೀಜ, ಎಣ್ಣೆಗಳೊಂದಿಗೆ ಅರೆದು ಪೆಸ್ಟೊ ಮಾಡಿ, ಬೇಯಿಸಿ ಆರಿಸಿದ ಪಾಸ್ತಾಕ್ಕೆ ಕಲಸುತ್ತಾರೆ. ಫಲಕ ಬರೆಯುವವರಿಗೆ ನಾಳೆ ಬೆಳಿಗ್ಗೆಯೇ ಒಕ್ಕಣೆ ಕೊಡಬೇಕು. ‘ಉಳಿಕೆ ಎಲೆಗಳ ಪೆಸ್ಟೊ ಪಾಸ್ತಾ ಸಲಾಡ್’ ಎಂದು ಬರೆದಿಟ್ಟುಕೊಂಡಿದ್ದೇನೆ, ಆದರೆ ‘ಉಳಿಕೆ’ ಎಂಬುದು ಮನಸ್ಸಿಗೆ ಒಪ್ಪುತ್ತಿಲ್ಲ. ಪೆಸ್ಟೊವನ್ನು ‘ಹಸಿರು ಚಟ್ನಿ’ ಎನ್ನಬಹುದೇ?

ಉತ್ತರ:
‘ಉಳಿಕೆ’ ಬೇಡವೇ ಬೇಡ. ಅಡುಗೆಮನೆಯಲ್ಲಿ ಉಳಿದದ್ದು ಎಂದರೆ ನಮ್ಮ ಕಡೆಯವರಿಗೆ ತಂಗಳೇ ನೆನಪಾಗುತ್ತದೆ. ‘ಎಲೆ’ಯೂ ಸಲ್ಲದು. ಒಂದೊಂದಾಗಿ ಎಣಿಸುವುದು ಎಲೆ. ಹಿಡಿಯಲ್ಲೋ ಕಟ್ಟಿನಲ್ಲೋ ಅಳೆಯುವುದು ಸೊಪ್ಪು. ವೀಳ್ಯದೆಲೆಯನ್ನೂ ಊಟದ ಬಾಳೆಎಲೆಯನ್ನೂ ಎಣಿಸಿ ಕೊಡುತ್ತಾರೆ, ದಂಟು, ಮೆಂತ್ಯ, ಗದ್ದೆಗೆ ತುಳಿಸುವ ಹೊಂಗೆ ಇವೆಲ್ಲ ಸೊಪ್ಪು. ಮೂಲಂಗಿಯದು ಮೊದಲಿನಿಂದಲೂ ಸೊಪ್ಪೇ, ಬಸ್ಸಾರಿಗೂ ಬರುತ್ತದೆ. ಕ್ಯಾರೆಟ್ಟಿನದನ್ನು ಮಂಡಿಗೆ ಬರುವ ಮೊದಲೇ ಮುರಿದು ದನಗಳಿಗೆ ಹಾಕಿಬಿಡುವುದರಿಂದ ಅದಕ್ಕೆ ಆ ಹೆಸರು ದಕ್ಕಿಲ್ಲ. ‘ಕ್ಯಾರೆಟ್ ಸೊಪ್ಪು’ ಎಂದು ಬರೆದು ನೋಡಿ, ಅದು ತಿನ್ನುವ ಪದಾರ್ಥವೆಂದು ಓದಿದವರಿಗೆ ತಾನಾಗಿಯೇ ತಿಳಿಯುತ್ತದೆ.

ಪೆಸ್ಟೊ ಇಟಲಿಯ ಜಿನೋವಾ ಸೀಮೆಯದು. ಅಲ್ಲಿನ ‘ಪೆಸ್ತಾರೆ’ ಎಂಬ ಧಾತುವಿಗೆ ಕುಟ್ಟು, ಜಜ್ಜು ಎಂದರ್ಥ. ಬೇಸಿಲ್, ಬೆಳ್ಳುಳ್ಳಿ, ಪೈನ್ ಬೀಜ, ಗಟ್ಟಿ ಚೀಸ್, ಆಲಿವ್ ಎಣ್ಣೆಗಳನ್ನು ಅಮೃತಶಿಲೆಯ ಒರಳಿನಲ್ಲಿ ಕುಟ್ಟಿ ಮಾಡುವುದರಿಂದ ಆ ಹೆಸರು ಬಂದಿದೆ. ‘ಚಟ್ನಿ’ಯಾದರೋ ಹಿಂದಿಯ ನೆಕ್ಕುವ ಕ್ರಿಯೆಯಿಂದ ಬಂದದ್ದು. ಒಂದು ಎರವಲನ್ನು ತೆಗೆದು ಇನ್ನೊಂದನ್ನು ತಂದಿಟ್ಟರೆ ಅದು ಕನ್ನಡವಾಗುವುದಿಲ್ಲ. ಮಸೆದ ಸೊಪ್ಪು ನಮ್ಮ ಬಾಯಲ್ಲಿ ಮಸ್ಸೊಪ್ಪು ಆಗಿರುವಾಗ, ಹುರಿಗಡಲೆಯ ಮಾದರಿಯಲ್ಲಿ ‘ಕುಟ್ಟುಸೊಪ್ಪು’ ಎನ್ನಲು ಯಾವ ಅಡ್ಡಿಯೂ ಇಲ್ಲ.

ಇನ್ನೊಂದು ಉತ್ತರ:
ಸೊಪ್ಪಿನ ಮಾತು ಸರಿ. ‘ಕುಟ್ಟುಸೊಪ್ಪು’ ನಡೆಯದು. ಕೋಲಾರದಲ್ಲಿ ಆ ಫಲಕ ಓದಿದವರು ಮುದ್ದೆ ಎಲ್ಲಿ ಎಂದು ಕೇಳುತ್ತಾರೆ. ಧಾತು ಯಾವುದೆಂದು ತಿಳಿದವರಿಗಾಗಿ ಫಲಕ ಬರೆಯುವುದಿಲ್ಲ, ತಟ್ಟೆಯಲ್ಲಿ ಏನಿದೆ ಎಂದು ತಿಳಿಯಬೇಕಾದವರಿಗಾಗಿ ಬರೆಯುತ್ತೇವೆ. ಚಿಕ್ಕಬಳ್ಳಾಪುರದಾಚೆಯ ಗಡಿಯ ಮನೆಗಳಲ್ಲಿ ಊರ್ಬಿಂಡಿ ಎಂಬ ಚಟ್ನಿ ತೆಲುಗಿನ ಹೆಸರಿನಲ್ಲಿಯೇ ಉಳಿದಿದ್ದರೂ ಅದನ್ನು ಯಾರೂ ಹೊರಗಿನದೆಂದು ಎಣಿಸಿಲ್ಲ. ಹೊರಗಿನ ಅಡುಗೆಯು ತನ್ನ ಹೆಸರಿನೊಂದಿಗೆ ಬಂದರೆ ಬರಲಿ, ಅದಕ್ಕೆ ಹಾಕುವ ಸೊಪ್ಪಿನ ಹೆಸರು ನಮ್ಮದಾಗಿರಲಿ. ಯಾರಾದರೂ ‘ಕೋಸಂಬರಿ’ ಎಂದು ಸೂಚಿಸುವ ಮೊದಲೇ ಹೇಳುತ್ತೇನೆ: ನೆನೆಸಿದ ಬೇಳೆಯಿಲ್ಲದ್ದು ಕೋಸಂಬರಿಯಲ್ಲ.

ಮೊದಲ ಉತ್ತರದವರಿಂದ:
ಮೆಣಸಿನಕಾಯಿ ಅಮೆರಿಕ ಖಂಡದ್ದು, ಪೋರ್ಚುಗೀಸರ ಮೂಲಕ ಇಲ್ಲಿಗೆ ಬಂದದ್ದು. ಅದರೊಂದಿಗೆ ಬಂದ ಹೆಸರನ್ನು ನಮ್ಮ ಹಿರಿಯರು ಇಟ್ಟುಕೊಳ್ಳಲಿಲ್ಲ. ಮನೆಯಲ್ಲಿದ್ದ ಮೆಣಸಿಗೆ ‘ಕಾಯಿ’ ಸೇರಿಸಿದರು. ಆಗ ಯಾರಿಗೂ ಅರ್ಥವಾಗದೆ ಹೋಗಲಿಲ್ಲ. ಈಗ ಮಾತ್ರ ಪ್ರತಿಯೊಂದು ಹೊಸ ಪದಾರ್ಥದ ಮುಂದೆಯೂ ಕನ್ನಡ ಕೈಕಟ್ಟಿ ನಿಲ್ಲಬೇಕೆಂಬ ವಾದವನ್ನು ನಾನು ಒಪ್ಪುವುದಿಲ್ಲ.

ಪ್ರಶ್ನೆ ಕೇಳಿದವರಿಂದ:
‘ಮೂಲಂಗಿ, ಬೀಟ್‌ರೂಟ್, ಕ್ಯಾರೆಟ್ ಸೊಪ್ಪಿನ ಪೆಸ್ಟೊ ಪಾಸ್ತಾ’ ಎಂದು ಫಲಕಕ್ಕೆ ಕಳುಹಿಸಿದ್ದೇನೆ; ಸಾಲು ಉದ್ದವಾದುದರಿಂದ ‘ಸಲಾಡ್’ ಬಿಟ್ಟಿದ್ದೇನೆ. ಮಾಡುವ ವಿಧಾನದ ಚೀಟಿಯಲ್ಲಿ ‘ಸೊಪ್ಪು, ಬೆಳ್ಳುಳ್ಳಿ, ಬೀಜಗಳನ್ನು ಕುಟ್ಟಿ’ ಎಂದೇ ಇದೆ. ಇನ್ನೊಂದು ಮಾತು ಬೇಕಾಗಿದೆ: ಮೂಲಂಗಿ ಸೊಪ್ಪಿನ ಸುಂಕು ಹೋಗಲೆಂದು ಅದನ್ನು ಕುದಿಯುವ ನೀರಿನಲ್ಲಿ ಅರೆಗಳಿಗೆ ಅದ್ದಿ, ಕೂಡಲೇ ತಣ್ಣೀರಿಗೆ ಹಾಕುತ್ತಾರೆ. ‘ಬೇಯಿಸಿ’ ಎಂದರೆ ಹೆಚ್ಚಾಗುತ್ತದೆ, ‘ತೊಳೆದು’ ಎಂದರೆ ಸಾಲದು. ಇದಕ್ಕೆ ನಿಮ್ಮ ಮನೆಗಳಲ್ಲಿ ಏನನ್ನುತ್ತಾರೆ?