ಚೋರ್ಲಾ ಘಾಟ್ ಇಳಿಯಲು ಡಿಸ್ಕ್ ಬೇಕಾ, ರಿಮ್ ಬ್ರೇಕ್ ಸಾಕಾ?

ಟಿಳಕವಾಡಿ ಸವಾರ:
ಕೈಯಲ್ಲಿ 60 ಸಾವಿರ ಇದೆ, ಎರಡು ರೋಡ್ ಬೈಕ್ (ರಸ್ತೆ ಸೈಕಲ್) ನೋಡಿಟ್ಟಿದ್ದೇನೆ. ಒಂದು ಸೆಕೆಂಡ್ ಹ್ಯಾಂಡ್: ಶಿಮಾನೊ 105 ಗೇರ್ (ಮೇಲಿನ ದರ್ಜೆಯದು), ರಿಮ್ ಬ್ರೇಕ್ (ಪ್ಯಾಡ್ ಚಕ್ರದ ಅಂಚನ್ನೇ ಹಿಡಿಯುವಂಥದ್ದು), ಅಲ್ಯೂಮಿನಿಯಂ ರಿಮ್. ಇನ್ನೊಂದು ಹೊಸದು: ಕ್ಲಾರಿಸ್ ಗೇರ್ (ಶಿಮಾನೊದ್ದೇ, ಆರಂಭದ ದರ್ಜೆ), ಕೇಬಲ್ ಡಿಸ್ಕ್ (ಚಕ್ರದ ನಡುವಿನ ತಟ್ಟೆಯನ್ನು ಹಿಡಿಯುವ, ತಂತಿಯಿಂದ ಎಳೆಯುವ ಬ್ರೇಕ್). ಭಾನುವಾರ ಜಾಂಬೋಟಿ ಕಡೆ ಹೋಗುತ್ತೇನೆ. ಆಗಾಗ ಕಣಕುಂಬಿ ದಾಟಿ, ಬೆಳಗಾವಿ–ಗೋವಾ ದಾರಿಯ ಚೋರ್ಲಾ ಘಾಟ್ ಇಳಿಯುವುದೂ ಉಂಟು, ಮಳೆಗಾಲದಲ್ಲೂ ಬಿಡಲ್ಲ. ನನ್ನ ತೂಕ 88 ಕೆಜಿ. "ಈಗ ರಿಮ್ ಬ್ರೇಕ್ ಯಾರು ತಗೋತಾರೆ" ಅಂತ ಗೆಳೆಯರು ನಗುತ್ತಾರೆ. 105 ಬಿಡಲು ಮನಸ್ಸಿಲ್ಲ. ಏನ್ ಮಾಡ್ಲಿ?

ಬಬಲೇಶ್ವರ ರೋಡ್:
ನಾನು ವಿಜಯಪುರದವನು. ಇಲ್ಲಿ ಘಾಟ್ ಎಲ್ಲಿದೆ? ಎದುರುಗಾಳಿಯೇ ಬ್ರೇಕ್. ರಿಮ್ ಸಾಕು. ಒಂದೇ ತಕರಾರು, ಮಳೆ ಬಂದಾಗ ಎರಿ ಮಣ್ಣು ಟೈರ್‌ಗೂ ಕ್ಯಾಲಿಪರ್‌ಗೂ (ಪ್ಯಾಡ್ ಒತ್ತುವ ಬ್ರೇಕ್ ಹಿಡಿಕೆ) ನಡುವೆ ಮೆತ್ತಿಕೊಂಡು ಚಕ್ರವೇ ತಿರುಗಲ್ಲ. ಇಳಿದು ಕಡ್ಡಿ ಹಾಕಿ ಕೆರೆಯಬೇಕು. ಡಿಸ್ಕ್ ಬೈಕ್‌ನಲ್ಲಿ ಆ ಜಾಗ ಖಾಲಿ ಇರುತ್ತದೆ, ಅಷ್ಟು ಬೇಗ ಕಟ್ಟಿಕೊಳ್ಳುವುದಿಲ್ಲ.

ಖಾನಾಪುರ ರೋಡ್:
ನನ್ನ ಹತ್ತಿರ ಎರಡೂ ಇವೆ. ಒಣ ರಸ್ತೆಯಲ್ಲಿ, ಒಳ್ಳೆ ಪ್ಯಾಡ್ ಇದ್ದರೆ, ರಿಮ್ ಬ್ರೇಕ್ ಚೆನ್ನಾಗೇ ಹಿಡಿಯುತ್ತದೆ. ಹಗುರ, ರಿಪೇರಿಯೂ ಸುಲಭ. ಆ ನಗುವ ಗೆಳೆಯರ ಮಾತು ಬಿಡಿ. ದೊಡ್ಡ ರೇಸ್‌ಗಳಲ್ಲೇ ಡಿಸ್ಕ್‌ಗೆ ಪೂರ್ತಿ ಒಪ್ಪಿಗೆ ಸಿಕ್ಕಿದ್ದು 2018ರಲ್ಲಿ. ಅಲ್ಲಿವರೆಗೆ ಬಹುತೇಕ ಎಲ್ಲರೂ ಆಲ್ಪ್ಸ್ ಇಳಿದದ್ದು ರಿಮ್ ಬ್ರೇಕ್ ಹಿಡಿದೇ ಅಲ್ವಾ?

ಆದರೆ ನೀವು ಮಳೆಯಲ್ಲಿ ಚೋರ್ಲಾ ಅಂದಿರಿ, ಅಲ್ಲಿ ಲೆಕ್ಕ ಬೇರೆ. ರಿಮ್ ಒದ್ದೆಯಾದಾಗ ಪ್ಯಾಡ್ ಮೊದಲು ನೀರು ಒರೆಸುತ್ತದೆ, ಆಮೇಲೆ ಹಿಡಿಯುತ್ತದೆ. ಆ ಒಂದೆರಡು ಸುತ್ತಿನಲ್ಲಿ ತಿರುವು ಬಂದುಬಿಟ್ಟಿರುತ್ತದೆ, ಎದುರಿಗೆ ಗೋವಾ ಕಡೆಯಿಂದ ಲಾರಿ ಬೇರೆ. ಮೇಲಾಗಿ ಕೆಂಪು ಕೆಸರಿನ ಮರಳು ಪ್ಯಾಡ್‌ಗೆ ಅಂಟಿ ರಿಮ್ಮನ್ನೇ ತೇಯುತ್ತದೆ. ಡಿಸ್ಕ್‌ನಲ್ಲಿ ಸವೆಯುವುದು ಪ್ಯಾಡ್, ರೋಟರ್ (ಪ್ಯಾಡ್ ಹಿಡಿಯುವ ತಟ್ಟೆ). ಚಕ್ರ ಉಳಿಯುತ್ತದೆ.

105 ಆಸೆ ನನಗೂ ಅರ್ಥವಾಗುತ್ತದೆ. ಆದರೆ ಗೇರ್ ಮುಂದೆ ಬದಲಿಸಬಹುದು, ರಿಮ್ ಬ್ರೇಕ್ ಫ್ರೇಮ್‌ಗೆ ಡಿಸ್ಕ್ ಕೂಡಿಸಲು ಆಗಲ್ಲ. ಕ್ಯಾಲಿಪರ್ ಕೂರುವ ಜಾಗವೇ ಅದರಲ್ಲಿ ಇರುವುದಿಲ್ಲ. ಟೈರ್‌ದೂ ಅದೇ ಕಥೆ, ಹಳೆಯ ರಿಮ್ ಬ್ರೇಕ್ ಫ್ರೇಮ್‌ನಲ್ಲಿ ಸಾಮಾನ್ಯವಾಗಿ 25 ಇಲ್ಲವೇ 28 ಮಿಮೀ ಅಗಲದ ಟೈರ್‌ಗೇ ಜಾಗ ಮುಗಿಯುತ್ತದೆ. ಜಾಂಬೋಟಿ ರೋಡಿನ ಗುಂಡಿಗಳಿಗೆ 88 ಕೆಜಿ ಮನುಷ್ಯನಿಗೆ 32 ಇದ್ದರೆ ಸೊಂಟ ಉಳಿಯುತ್ತದೆ. ನನ್ನ ಓಟು ಹೊಸದಕ್ಕೆ.

ಟಿಳಕವಾಡಿ ಸವಾರ:
ಕೇಬಲ್ ಡಿಸ್ಕ್ ಬರೀ ಹೆಸರಿಗೆ ಡಿಸ್ಕ್ ಅಂತಾರಲ್ಲ? ಕಿರ್ ಅಂತ ಕೂಗುತ್ತದಂತೆ.

ಖಾನಾಪುರ ರೋಡ್:
ಅರ್ಧ ನಿಜ. ಅಗ್ಗದ ಕೇಬಲ್ ಡಿಸ್ಕ್‌ಗಳಲ್ಲಿ ಹೆಚ್ಚಾಗಿ ಒಂದು ಬದಿಯ ಪ್ಯಾಡ್ ಮಾತ್ರ ಸರಿಯುತ್ತದೆ, ಅದು ರೋಟರನ್ನು ಆಚೆ ಪ್ಯಾಡ್‌ಗೆ ಒತ್ತುತ್ತದೆ. ಸವೆದಂತೆ ಎರಡನ್ನೂ ನೀವೇ ಒಳಗೆ ತಳ್ಳಬೇಕು. ಹೈಡ್ರಾಲಿಕ್‌ನಲ್ಲಿ (ತಂತಿ ಬದಲು ದ್ರವದ ಒತ್ತಡದಿಂದ ನಡೆಯುವ ಡಿಸ್ಕ್) ತಾನೇ ಸರಿಹೋಗುತ್ತದೆ, ಬೆರಳಿಗೂ ಆರಾಮ, ಆದರೆ ನಿಮ್ಮ ಬಜೆಟ್‌ನಲ್ಲಿ ಕಷ್ಟ. ಒದ್ದೆಯಲ್ಲಿ ನನಗೆ ಕೇಬಲ್ ಡಿಸ್ಕೇ ರಿಮ್‌ಗಿಂತ ವಾಸಿ.

ಕೂಗುವುದು ಬಹಳ ಸಲ ಎಣ್ಣೆಯಿಂದ. ಚೈನ್‌ಗೆ ಸ್ಪ್ರೇ ಹೊಡೆಯಬೇಡಿ, ಹನಿ ಹನಿ ಹಾಕಿ. ರೋಟರ್ ಬರಿಗೈಲಿ ಮುಟ್ಟಬೇಡಿ. ಹೊಸ ಪ್ಯಾಡ್ ಹಾಕಿದ ಮೇಲೆ ಖಾಲಿ ರಸ್ತೆಯಲ್ಲಿ ಜೋರಾಗಿ ಹೋಗಿ, ಚಕ್ರ ಪೂರ್ತಿ ನಿಲ್ಲದಂತೆ ಹತ್ತಿಪ್ಪತ್ತು ಸಲ ಬ್ರೇಕ್ ಒತ್ತಿ. ಅದಾದ ಮೇಲೇ ಘಾಟ್.

ಬಬಲೇಶ್ವರ ರೋಡ್:
ಅಷ್ಟಾದರೂ 105 ಅನ್ನೇ ತರುವುದಾದರೆ ರಿಮ್‌ನ ಬದಿಗೆ ಬೆರಳು ಆಡಿಸಿ ನೋಡಿ. ಒಳಗೆ ತಗ್ಗಾಗಿದ್ದರೆ, ಸವೆತ ತೋರಿಸುವ ಗೀರು ಮಾಯವಾಗಿದ್ದರೆ, ಹೊಸ ಚಕ್ರದ ದುಡ್ಡು ರೇಟಿನಲ್ಲಿ ಕಳೆದು ಕೇಳಿ.

ಟಿಳಕವಾಡಿ ಸವಾರ:
ಸರಿ, ಹೊಸದೇ. ಶನಿವಾರ ಅಂಗಡಿಗೆ ಹೋಗಿ 32 ಟೈರ್ ಕೂರುತ್ತದಾ ಅಂತ ಮೊದಲು ಕೇಳುತ್ತೇನೆ.